ಮೋಟುಬಾಲದ ಅಳಿಯ

ಮೊದಲ ಏಟು ಹಾವಿನ ನಡುಬೆನ್ನಿಗೆ ಬಿತ್ತು. ಮುಂದಿನದು ಗುರಿ ತಪ್ಪಿ ಗೋಧಿಚೀಲವನ್ನು ಸೀಳಿತು. ಗೋಧಿ ಬುಳಬುಳನೆ ಸುರಿದು ಹಾವಿನ ಮೇಲೆ, ಅಣ್ಣನ ಕಾಲಿನ ಮೇಲೆ ಹರಡಿತು. ಆಮೇಲಿನ ಏಟುಗಳು ಯಾರವು, ಎಲ್ಲಿಗೆ ಬಿದ್ದವು ಎಂದು ಹೇಳುವುದು ಕಷ್ಟ.

ಅಣ್ಣನ ಕೈಯಲ್ಲಿದ್ದದ್ದು ಚೀಲ ಎತ್ತುವ ಕಬ್ಬಿಣದ ಕೊಕ್ಕೆ. ಅದರ ಮೊನೆಯನ್ನು ಹಾವಿನ ಕತ್ತಿನ ಹಿಂದೆ ಚುಚ್ಚಿ, ನೆಲಕ್ಕೆ ಅದುಮಿ, ಬೂಟುಗಾಲಿನಿಂದ ತುಳಿದ. ಹಾವು ಅವನ ಕಣಕಾಲಿಗೆ ಸುತ್ತಿಕೊಂಡಿತು. ಉಳಿದ ಹಮಾಲರು ಸಲಿಕೆ, ಬಡಿಗೆ, ಕೈಗೆ ಸಿಕ್ಕಿದ್ದನ್ನು ತಂದು ಬಡಿದರು. ಯಾರದೋ ಸಲಿಕೆಯ ಅಂಚು ಅಣ್ಣನ ಮೊಣಕಾಲಿಗೇ ತಗಲಿ ರಕ್ತ ಇಳಿಯಿತು. ಅವನಿಗೆ ಅದು ಗೊತ್ತಾಗಲೇ ಇಲ್ಲ. "ನನ್ನ ತಮ್ಮನ್ನ ಕಚ್ತೀಯ? ನನ್ನ ತಮ್ಮನ್ನ?" ಎಂದು ಒಂದೊಂದು ಏಟಿಗೂ ಕೇಳುತ್ತಿದ್ದ. ಹಾವಿನ ತಲೆ ಜಜ್ಜಿ ನೆಲದ ಬಣ್ಣಕ್ಕೇ ಬಂದಮೇಲೂ ಕೇಳುತ್ತಿದ್ದ.

ಆ ಗೋದಾಮಿನಲ್ಲಿ ಅಣ್ಣ ತಮ್ಮ ಇಬ್ಬರೂ ಚೀಲ ಹೊರುವವರು. ಎಲ್ಲರೂ ಹಾಗೇ ಕರೆದು ಕರೆದು, ಅವರಿಗಿಂತ ಎಷ್ಟೋ ಹಿರಿಯರಾದ ಗುಮಾಸ್ತರ ಬಾಯಲ್ಲೂ ಅವರು ಅಣ್ಣ ಮತ್ತು ತಮ್ಮ ಆಗಿಯೇ ಉಳಿದಿದ್ದರು. ತಮ್ಮ ಈಗ ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತು ಬಲಗೈಯ ಮಣಿಕಟ್ಟನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದಿದ್ದ. ಚೀಲ ಪೇರಿಸಿಟ್ಟ ಅಟ್ಟಿಯ ಸಂದಿಯಲ್ಲಿ ಕೈ ಹಾಕಿದಾಗ ಹೆಬ್ಬೆರಳಿನ ಬುಡಕ್ಕೆ ಕಚ್ಚಿತ್ತು. ಹಾವು, ಹಾವು ಎಂದು ಅವನು ಕೂಗಿದ್ದಷ್ಟೇ ಉಳಿದವರಿಗೆ ಕೇಳಿತ್ತು. ಹರಿದ ಚೀಲಗಳನ್ನು ಹೊಲಿಯುವ ಅವನ ಹೆಂಡತಿ ದಬ್ಬಳವನ್ನು ಚೀಲದಲ್ಲೇ ಚುಚ್ಚಿಟ್ಟು ಓಡಿಬಂದಿದ್ದಳು. ಗುಮಾಸ್ತರು ಆಸ್ಪತ್ರೆಗೆ ಫೋನು ಮಾಡಿ, ಹಾವು ಕಚ್ಚಿದೆ, ಕರೆದುಕೊಂಡು ಬರುತ್ತಿದ್ದೇವೆ ಎಂದು ತಿಳಿಸಿದ್ದರು. ಅಂಗಳದಲ್ಲಿ ಲಾರಿಯ ಎಂಜಿನ್ ಶುರುವಾಗಿತ್ತು.

ಅಷ್ಟರಲ್ಲಿ ಗುಮಾಸ್ತರು ಬಡಿಗೆಯ ತುದಿಯಿಂದ ಸತ್ತ ಹಾವನ್ನು ಹೊರಳಿಸಿ ನೋಡಿದರು. ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿ ಮತ್ತೆ ನೋಡಿದರು.

"ತಡೀರಪ್ಪ," ಎಂದರು. "ಬಾಲ ನೋಡಿ."

ಬಾಲ ಮೋಟಾಗಿತ್ತು. ತುದಿಯಿಲ್ಲದೆ, ಹೆಬ್ಬೆರಳಿನ ಹಾಗೆ ದುಂಡಗೆ ಮುಗಿದಿತ್ತು.

ಎಲ್ಲರ ಕೈಗಳೂ ಕೆಳಗಿಳಿದವು. ಅದು ಅಳಿಯ.

ಅಳಿಯ ಎಂದರೆ ಆ ಗೋದಾಮಿನ ಕೇರೆಹಾವು. ಇಲಿಗಳ ಬೆನ್ನು ಹತ್ತಿ ಒಳಗೆ ಬಂದದ್ದು ಅಲ್ಲೇ ಉಳಿದುಕೊಂಡಿತ್ತು. ಕರೆಯದೆ ಬಂದಿದ್ದಾನೆ, ಹೊಟ್ಟೆತುಂಬ ತಿಂದು ಮಲಗುತ್ತಾನೆ, ಒಂದು ಕಡ್ಡಿ ಎತ್ತಿ ಅತ್ತ ಇಡುವುದಿಲ್ಲ, ಆದರೂ ಎದುರು ಬಂದರೆ ಎಲ್ಲರೂ ದಾರಿ ಬಿಡಬೇಕು, ಇವನು ಅಳಿಯನಲ್ಲದೆ ಇನ್ನೇನು ಎಂದು ತಮ್ಮನೇ ಹೆಸರಿಟ್ಟಿದ್ದ. ಒಂದು ಸಂಜೆ ಅಣ್ಣ ರೋಲಿಂಗ್ ಶಟರ್ ಎಳೆಯುವಾಗ ನೋಡದೆ ಅದರ ಬಾಲದ ಮೇಲೇ ಇಳಿಸಿಬಿಟ್ಟ. ಆ ರಾತ್ರಿ ಅವನು ಸರಿಯಾಗಿ ಊಟ ಮಾಡಲಿಲ್ಲ. ಮರುದಿನದಿಂದ ಮೂಲೆಯಲ್ಲಿ ಒಂದು ಡಬ್ಬಿಯ ಮುಚ್ಚಳದಲ್ಲಿ ನೀರಿಡಲು ಶುರುಮಾಡಿದ. ಹಾವು ಬದುಕಿತು, ಬಾಲ ಮಾತ್ರ ಮೋಟಾಯಿತು. ಅಂದಿನಿಂದ ಮುಚ್ಚಳ ಒಣಗಿದ ದಿನವಿಲ್ಲ.

ಹೀಗಾಗಿ ಆ ಗೋದಾಮಿನವರಿಗೆ ಬೇರೆಲ್ಲೂ ಇಲ್ಲದ ಒಂದು ಅಭ್ಯಾಸ ಬಂದುಬಿಟ್ಟಿತ್ತು. ಅಟ್ಟಿಯಿಂದ ಚೀಲ ಇಳಿಸುವ ಮುಂಚೆ ಅಂಗೈಯಿಂದ ತಟ್ಟಿ, "ಅಳಿಯಂದಿರೇ, ಏಳಿ" ಅನ್ನುವುದು. ಸಂದಿಯಲ್ಲಿ ಕಂದು ಮೈ ಕಂಡರೆ ಬಾಲ ಹಿಡಿದು ಎಳೆದು ಪಕ್ಕದ ಸಾಲಿಗೆ ದಾಟಿಸುವುದು. ಅದು ಮುನಿಸಿಕೊಂಡು ಅಣ್ಣನ ಕೈಯನ್ನೊಮ್ಮೆ ಕಚ್ಚಿದ್ದೂ ಉಂಟು. ಬಿಲ್ಲಿನಂತೆ ಬಾಗಿದ ಗೀರುಗಳ ಸಾಲು ಮೂಡಿ, ವಾರದೊಳಗೆ ಒಣಗಿಹೋಗಿತ್ತು. ಕೇರೆಗೆ ವಿಷವಿಲ್ಲ ಎಂಬುದನ್ನು ಅವರು ಕೇಳಿ ತಿಳಿದವರಲ್ಲ, ಕಚ್ಚಿಸಿಕೊಂಡು ತಿಳಿದವರು.

ಆದ್ದರಿಂದ ಮೋಟುಬಾಲ ಕಂಡಕೂಡಲೇ ಮೊದಲು ನಕ್ಕವನು ತಮ್ಮನೇ. ಅವನ ಹೆಂಡತಿ ಅಲ್ಲೇ ನೆಲಕ್ಕೆ ಕುಸಿದು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು, ನಿಶ್ಚಿಂತೆಯ ಅಳು ಅದು. ಗುಮಾಸ್ತರು ಮತ್ತೆ ಫೋನು ಮಾಡಿ, ವಿಷದ ಹಾವಲ್ಲವಂತೆ, ನಮ್ಮ ಕೇರೆಯೇ, ಬರುವುದಿಲ್ಲ ಎಂದರು. ಆ ಕಡೆಯಿಂದ ನರ್ಸು ಏನೋ ಹೇಳುತ್ತಿದ್ದಳು. ಗುಮಾಸ್ತರು ನಗುನಗುತ್ತ ಥ್ಯಾಂಕ್ಸ್ ಹೇಳಿ ಇಟ್ಟುಬಿಟ್ಟರು. ಅಂಗಳದಲ್ಲಿ ಡ್ರೈವರ್ ಎಂಜಿನ್ ಆರಿಸಿದ.

ಅಣ್ಣನೊಬ್ಬ ನಗಲಿಲ್ಲ. ಕೈಯ ಕೊಕ್ಕೆಯನ್ನೂ ಕಾಲಿಗಿನ್ನೂ ಸುತ್ತಿಕೊಂಡಿದ್ದ ಸತ್ತ ಮೈಯನ್ನೂ ನೋಡುತ್ತ ನಿಂತಿದ್ದ. ಹಮಾಲರಲ್ಲಿ ಡೊಳ್ಳ ಎಂದು ಕರೆಸಿಕೊಳ್ಳುವವನಿಗೆ ಎಂಥ ಹೊತ್ತಿನಲ್ಲೂ ನಾಲಿಗೆ ಸುಮ್ಮನಿರದು. "ಮಾವನ ಮನೇಲಿ ಜಾಸ್ತಿ ದಿನ ಉಳಿದ್ರೆ ಹೀಗೇ ಆಗೋದು," ಎಂದ.

ಅಣ್ಣನ ಮುಷ್ಟಿ ಅವನ ಬಾಯಿಗೆ ಅಪ್ಪಳಿಸಿತು. ಡೊಳ್ಳ ಸುರಿದ ಗೋಧಿಯ ಮೇಲೆ ಅಂಗಾತ ಬಿದ್ದ. ಅಣ್ಣ ಅವನ ಎದೆಯ ಮೇಲೆ ಮೊಣಕಾಲೂರಿ ಇನ್ನೊಂದು ಕೊಟ್ಟ. ಹಲ್ಲೊಂದು ಸಡಿಲವಾಗಿ ತುಟಿ ಸೀಳಿತು. ಜನ ಹಿಡಿದು ಎಳೆದ ಮೇಲೆ ಅಣ್ಣ ಎದ್ದು, ಹಾವಿನ ಸುತ್ತನ್ನು ತನ್ನ ಕಾಲಿನಿಂದ ಮೆಲ್ಲಗೆ ಬಿಡಿಸಿ, ಒಂದು ಖಾಲಿ ಚೀಲದಲ್ಲಿ ಮಲಗಿಸಿ, ಸಲಿಕೆ ತೆಗೆದುಕೊಂಡು ಗೋದಾಮಿನ ಹಿಂದಕ್ಕೆ ಹೋದ. ಡೊಳ್ಳ ರಕ್ತ ಉಗುಳಿ, ಯಾರ ಮೇಲೂ ದೂರು ಹೇಳದೆ, ಚೆಲ್ಲಿದ ಗೋಧಿಯನ್ನು ಬಾಚತೊಡಗಿದ. ಅವನಿಗೂ ಅಣ್ಣನ ಮುಖ ಕಂಡಿತ್ತು.

ಕೆಲಸ ಮತ್ತೆ ಶುರುವಾಯಿತು. ಲಾರಿ ತುಂಬಬೇಕಿತ್ತು. ಅಳಿಯ ಇಲ್ಲದ್ದರಿಂದ ಚೀಲ ತಟ್ಟುವ ಅಗತ್ಯ ಯಾರಿಗೂ ಕಾಣಲಿಲ್ಲ.

ತಮ್ಮನಿಗೆ ಗುಮಾಸ್ತರು ಇವತ್ತು ಹೊರಬೇಡ ಎಂದು ಹೇಳಿ ಚಹಾ ತರಿಸಿಕೊಟ್ಟರು. ಅವನು ಹೆಂಡತಿಯ ಪಕ್ಕ ಖಾಲಿಚೀಲಗಳ ರಾಶಿಗೆ ಒರಗಿ ಕೂತ. ಅಳಿಯನ ಹಲ್ಲು ತಾನೆ ಎಂದು ಗಾಯವನ್ನು ದಿಟ್ಟಿಸದೆಯೇ ಅವಳು ಅವನ ಕೈ ತೊಳೆದು ಒದ್ದೆ ಬಟ್ಟೆ ಸುತ್ತಿದ್ದಳು. ಕೈ ಊದುತ್ತಿತ್ತು. ಉರಿ ಮೊಣಕೈ ದಾಟಿದೆ ಎಂದು ಅವನು ಹೇಳಲಿಲ್ಲ. ಹೇಳಿದ್ದರೆ ಅಳಿಯನ ಹಲ್ಲಿಗೆ ಅಳುವವನೆಂದು ಡೊಳ್ಳ ವರ್ಷಪೂರ್ತಿ ಆಡಿಕೊಳ್ಳುತ್ತಿದ್ದ. ಚಹಾದ ಲೋಟ ತುಟಿಗೆ ಸರಿಯಾಗಿ ಕೂರದೆ ಗಲ್ಲದ ಮೇಲೆ ಚೆಲ್ಲಿತು. ಅವಳು ಒರೆಸಿದಳು.

ನಿದ್ದೆ ಬರ್ತಿದೆ ಎಂದ. ಗೋಡೆ ಗಡಿಯಾರ ಎರಡೆರಡು ಕಾಣುತ್ತಿದೆ, ಗುಮಾಸ್ತರು ಹೊಸದು ತಂದರೇನು ಎಂದೂ ಕೇಳಿದ. ತಮಾಷೆ ಎಂದು ಅವಳು ನಕ್ಕಳು. ಅವನ ನಾಲಿಗೆ ತೊದಲುತ್ತಿತ್ತು. ಅವಳು ದಬ್ಬಳಕ್ಕೆ ದಾರ ಪೋಣಿಸುತ್ತ, ಕಚ್ಚಿದ್ದು ಹೇಗೆ ಎಂದು ಮಾತಿಗೆ ಕೇಳಿದಳು, ಅವನನ್ನು ಎಚ್ಚರವಾಗಿಡೋಣವೆಂದು.

"ಯಾವಾಗಿನ ಹಾಗೇ ಕಣೇ. ಬಾಲ ಹಿಡಿದೆ, ಎಳೆದೆ. ಇವತ್ತು ನಿಲ್ಲಲಿಲ್ಲ. ಜಾರ್ತಾ ಜಾರ್ತಾ ಸಣ್ಣ ಆಗಿ, ಕೊನೇಗೆ ಬೆರಳ ಸಂದಿಯಿಂದ ದಾರದ ಹಾಗೆ ಹೋಯ್ತು. ಮತ್ತೆ ಕೈ ಹಾಕಿದೆ. ಆಗ ಕಚ್ತು."

ಅವಳ ಕೈಯಲ್ಲಿದ್ದ ದಾರ ದಬ್ಬಳದ ಕಣ್ಣಿನ ಮುಂದೆಯೇ ನಿಂತಿತು.

"ದಾರದ ಹಾಗಾ?"

"ಹೂಂ. ಚೂಪಾಗಿ."

"ಅಳಿಯನ ಬಾಲಕ್ಕೆ ತುದಿ ಎಲ್ಲಿದೆ ರೀ?"

ಅವನು ಉತ್ತರ ಕೊಡಲು ನೋಡಿದ. ಅವನ ಎಡಗಣ್ಣಿನ ರೆಪ್ಪೆ ಅರ್ಧಕ್ಕೆ ಇಳಿದು ಅಲ್ಲೇ ನಿಂತಿತ್ತು, ಬಲಗಣ್ಣಿನದು ಅದರ ಹಿಂದೆಯೇ ಇಳಿಯುತ್ತಿತ್ತು. ಅವಳು ಒದ್ದೆ ಬಟ್ಟೆ ಬಿಚ್ಚಿದಳು. ಗೀರುಗಳ ಸಾಲು ಇರಲಿಲ್ಲ. ಊದಿ ಕಪ್ಪಾಗುತ್ತಿದ್ದ ಮಾಂಸದಲ್ಲಿ ಒಂದು ಆಳವಾದ ಚುಕ್ಕೆ, ಪಕ್ಕದಲ್ಲಿ ಇನ್ನೊಂದು, ದಬ್ಬಳದಿಂದ ಚುಚ್ಚಿದ ಹಾಗೆ.

ಗೋದಾಮಿನ ಹಿಂದೆ ಅಣ್ಣ ಗುಂಡಿ ತೋಡಿ ಮುಗಿಸಿದ್ದ. ಅವಳು ಓಡಿಬಂದು ಹೇಳಿದ್ದನ್ನು ಅವನ ಕಿವಿ ಕೇಳಿತೇ ಹೊರತು ಮನಸ್ಸು ಒಪ್ಪಲಿಲ್ಲ. ಇದೇ ಕಚ್ಚಿದ್ದು, ನನ್ನ ಕಣ್ಣೆದುರೇ ಆ ಸಂದಿಯಿಂದ ಬಂತು ಎಂದ. ಅವಳು ಅಲ್ಲ ಎಂದಳು. ಅವನ ಧ್ವನಿ ಏರಿತು.

"ಹಾಗಾದ್ರೆ ಇದನ್ನ ನಾನು ಸುಮ್ಮನೆ ಕೊಂದೆ ಅಂತೀಯಾ? ಏನೂ ಮಾಡದೇ ಇದ್ದದ್ದನ್ನ?"

ಸಲಿಕೆ ಎಸೆದು ಅವಳ ಭುಜ ಹಿಡಿದು ತಳ್ಳಿದ. ಅವಳ ಬೆನ್ನು ಗೋಡೆಗೆ ಬಡಿಯಿತು. ಅವಳು ಮತ್ತೆ ಮುಂದೆ ಬಂದು, ಮಂಡಿಯೂರಿ, ಚೀಲ ಬಿಚ್ಚಿ, ಅವನ ರಕ್ತ ಮೆತ್ತಿದ ಕೈಯನ್ನು ಎಳೆದು ಆ ತಣ್ಣನೆಯ ಬಾಲದ ಮೇಲಿಟ್ಟು, ತನ್ನ ಎರಡೂ ಕೈಗಳಿಂದ ಅವನ ಮುಷ್ಟಿಯನ್ನು ಮುಚ್ಚಿದಳು.

"ಹಿಡೀರಿ ಭಾವ. ಎಳೀರಿ. ದಾರದ ಹಾಗೆ ಜಾರತ್ತಾ ನೋಡಿ."

ಅವನು ಎಳೆದ. ದುಂಡನೆಯ ಮೋಟುತುದಿ ಮುಷ್ಟಿಗೆ ಗಂಟಿನಂತೆ ಸಿಕ್ಕಿ ನಿಂತಿತು. ಇನ್ನೊಮ್ಮೆ ಎಳೆದ. ಮತ್ತೆ ಸಿಕ್ಕಿತು. ಎದ್ದು ಓಡಿದ.

ಅವನು ಒಳಗೆ ಬಂದಾಗ ಡೊಳ್ಳ ಅದೇ ಅಟ್ಟಿಯ ಮುಂದೆ ನಿಂತು, ಚೀಲವೊಂದಕ್ಕೆ ಕೊಕ್ಕೆ ಹಾಕಿ ತನ್ನತ್ತ ಎಳೆಯುತ್ತಿದ್ದ. ಚೀಲ ಸರಿಯಿತು. ಹಿಂದಿನ ಕತ್ತಲೆಯಿಂದ ಕಂದು ಮೈಯೊಂದು ಎದ್ದು, ಡೊಳ್ಳನ ಎದೆಯ ಮಟ್ಟಕ್ಕೆ ನಿಂತು, ಹೆಡೆ ಬಿಚ್ಚಿತು. ಹೆಡೆ ಮಡಚಿ ಮಲಗಿದ್ದಾಗ ಅದಕ್ಕೂ ಅಳಿಯನಿಗೂ ಏನು ವ್ಯತ್ಯಾಸವಿತ್ತು? ಅದೇ ಕಂದು, ಅದೇ ದಪ್ಪ. ಈಗ ಹೆಡೆ ಕಂಡಮೇಲೆ ಯಾರೂ ಕೇಳಬೇಕಾಗಿರಲಿಲ್ಲ. ಅದು ನಾಗರಹಾವು.

ಅಣ್ಣ ಡೊಳ್ಳನ ಕಾಲರಿಗೆ ಕೈಹಾಕಿ ಹಿಂದಕ್ಕೆಳೆದ. ಹಾವು ಎರಗಿತು. ಅದರ ಮೂತಿ ಡೊಳ್ಳ ಬಿಟ್ಟ ಚೀಲಕ್ಕೆ ಬಡಿದು ಗೋಣಿಯ ಮೇಲೆ ಒದ್ದೆ ಮಚ್ಚೆ ಮೂಡಿತು. ಇಬ್ಬರೂ ಉರುಳಿದರು. ಒಬ್ಬ ಹಮಾಲ ಸಲಿಕೆ ಎತ್ತಿ ಮುಂದೆ ನುಗ್ಗಿದ. ಅಣ್ಣ ಬಿದ್ದಲ್ಲಿಂದಲೇ ಅವನ ಕಾಲಿಗೆ ಒದ್ದು ಕೆಡವಿ, ಸಲಿಕೆ ಕಿತ್ತು ಹೊರಗೆಸೆದ.

"ಸಾಕು. ಹೊರಗೆ ನಡೀರಿ ಎಲ್ಲ."

ತಮ್ಮನನ್ನೂ ಎತ್ತಿಕೊಂಡು ಎಲ್ಲರೂ ಹೊರಬಿದ್ದ ಮೇಲೆ ಶಟರ್ ಎಳೆದ. ಒಳಗೆ ಚೀಲಗಳ ಮೇಲೆ ಮೈ ಹರಿಯುವ ಸದ್ದು ಕೇಳುತ್ತಿತ್ತು.

ತಮ್ಮನ ಹೆಂಡತಿ ಲಾರಿಯ ಕಡೆ ಓಡುವಷ್ಟರಲ್ಲಿ ಡ್ರೈವರ್ ಯಾರೂ ಹೇಳದೆಯೇ ಎಂಜಿನ್ ಶುರುಮಾಡಿ, ಹಿಂದಿನ ಬಾಗಿಲು ಬಿಚ್ಚಿ, ತನ್ನ ಸೀಟಿನ ಮೇಲಿನ ಮೆತ್ತೆಯನ್ನು ತಂದು ಹಾಸಿದ್ದ. ಅವಳು ಓಡಿದ ರೀತಿ ಅವನಿಗೆ ಕಂಡಿತ್ತು, ಅಷ್ಟೇ ಸಾಕಾಗಿತ್ತು.

ದಾರಿಯುದ್ದಕ್ಕೂ ಅಣ್ಣ ತಮ್ಮನ ಕೆನ್ನೆಗೆ ಹೊಡೆದ. ನಿದ್ದೆ ಮಾಡಿದರೆ ಹೋಗಿಬಿಡುತ್ತಾನೆಂದು ಅವನ ತಲೆಯಲ್ಲಿ ಕೂತಿತ್ತು. ಮೊದಮೊದಲು ತಟ್ಟಿದ, ಆಮೇಲೆ ಬಾರಿಸಿದ. "ಕಣ್ಣು ಬಿಡೋ. ನನ್ನ ನೋಡೋ." ತಮ್ಮನಿಗೆ ಎಲ್ಲವೂ ಕೇಳಿಸುತ್ತಿತ್ತು. ರೆಪ್ಪೆ ಎತ್ತಲು ಆಗುತ್ತಿರಲಿಲ್ಲ, ಅಷ್ಟೇ. ಕೆನ್ನೆಯ ಮೇಲೆ ಬೆರಳುಗಳು ಬಾಸುಂಡೆಯಾಗಿ ಎದ್ದವು, ಮೂಗಿನಿಂದ ರಕ್ತ ಬಂತು. ಬಾಯಲ್ಲಿ ನಿಂತ ಜೊಲ್ಲು ನುಂಗಲಾರದೆ ಅವನು ಗೊರಗೊರ ಸದ್ದು ಮಾಡತೊಡಗಿದ. ಅವನ ಹೆಂಡತಿ ತಲೆಯನ್ನು ಒಂದು ಮಗ್ಗುಲಿಗೆ ತಿರುಗಿಸಿ, ಬೆರಳಿಗೆ ಸೆರಗು ಸುತ್ತಿ ಬಾಯಿ ಒರೆಸುತ್ತ ಬಂದಳು. ಡೊಳ್ಳ ಸೀಳಿದ ತುಟಿಯಲ್ಲೇ ತಮ್ಮನ ಎರಡೂ ಕಾಲುಗಳನ್ನು ತೊಡೆಯ ಮೇಲಿಟ್ಟುಕೊಂಡು, ಲಾರಿ ಕುಲುಕಿದಾಗಲೆಲ್ಲ ತಬ್ಬಿ ಹಿಡಿಯುತ್ತಿದ್ದ.

ಆಸ್ಪತ್ರೆ ಚಿಕ್ಕದು. ಬಾಗಿಲಲ್ಲಿದ್ದ ನರ್ಸು ಅವರನ್ನು ನೋಡಿದವಳೇ, ಕೇರೆಹಾವು ಅಂತ ಫೋನು ಮಾಡಿದ್ದು ನೀವೇ ಅಲ್ವಾ ಎಂದು ಕೇಳಿದಳು. ಕೇರೆಯಾದರೂ ಕರ್ಕೊಂಡು ಬನ್ನಿ, ಕಣ್ಣೆದುರು ಇಟ್ಕೊಂಡಿರೋಣ ಅಂದೆ, ಆ ಯಜಮಾನರು ಇಟ್ಟೇಬಿಟ್ಟರು ಎಂದಳು. ಮಾತಾಡುತ್ತಲೇ ಸ್ಟ್ರೆಚರ್ ಎಳೆದು ತಂದಿದ್ದಳು. ಡಾಕ್ಟರಮ್ಮ ಬಂದು ತಮ್ಮನ ರೆಪ್ಪೆ ಎತ್ತಿ, ಎದೆ ನೋಡಿ, ಯಾವ ಹಾವು ಎಂದು ಕೇಳಿದರು.

ಅಣ್ಣ ಗೋಡೆ ಹಿಡಿದು ನಿಂತಿದ್ದ.

"ನಾಗರ. ಹೆಡೆ ನಾನೇ ನೋಡಿದೆ. ಕೇರೆ ಅಲ್ಲ ತಾಯಿ. ಕೇರೇನ ನಾನು ತಪ್ಪು ತಿಳಿದು ಕೊಂದೆ. ನಾವೆಲ್ಲ ಅದರ ಹೆಣ ನೋಡ್ಕೊಂಡು ನಗ್ತಾ ಕೂತುಬಿಟ್ವಿ."

"ಹೆಣ ಏನೂ ಹೇಳಲ್ಲ," ಎಂದರು ಡಾಕ್ಟರಮ್ಮ. ಗದರಿಸುವ ಧ್ವನಿಯಲ್ಲ ಅದು. "ನೀವು ಹೇಳದಿದ್ರೂ ಈ ಕಣ್ಣು ಹೇಳ್ತಿದೆ. ಇನ್ಮೇಲೆ ನಾನು ಇವರನ್ನ ನೋಡ್ತೀನಿ."

ನಂಜಿನ ಮದ್ದು ನರಕ್ಕೆ ಇಳಿಯತೊಡಗುವ ಮುಂಚೆಯೇ ತಮ್ಮನ ಎದೆ ಏರುವುದು ನಿಂತಿತು. ತುಟಿ ನೀಲಿಯಾಯಿತು. ಡಾಕ್ಟರಮ್ಮ ಅವನ ದವಡೆಯನ್ನು ಕಬ್ಬಿಣದ ಸಾಧನದಿಂದ ಅಗಲಿಸಿ, ಗಂಟಲಿಗೆ ಕೊಳವೆ ತೂರಿಸಿದರು. ಹಲ್ಲು ಕಟಕಟ ಎಂದಿತು, ಕೊಳವೆಯ ಜೊತೆ ರಕ್ತ ಬಂತು. ಹೆಂಡತಿ ಕಣ್ಣು ಮುಚ್ಚಲಿಲ್ಲ. ಕೊಳವೆಯ ತುದಿಗೆ ರಬ್ಬರಿನ ಚೀಲವೊಂದನ್ನು ಸಿಕ್ಕಿಸಿ ಒತ್ತಿದಾಗ ಎದೆ ಮತ್ತೆ ಏರಿತು.

ಉಸಿರಾಡಿಸುವ ಯಂತ್ರ ಅಲ್ಲಿದ್ದದ್ದು ಒಂದೇ, ಅದು ಒಬ್ಬ ಬಾಣಂತಿಗೆ ಹಾಕಿತ್ತು. ಅದು ಬಿಡುವಾಗುವ ತನಕ ಯಾರಾದರೂ ಕೈಯಿಂದಲೇ ಒತ್ತುತ್ತಿರಬೇಕು. ಅಣ್ಣ ಮುಂದೆ ಬಂದ. ನರ್ಸು ಅವನ ಕೈಗಳನ್ನು ನೋಡಿದಳು. ಅಳಿಯನ ರಕ್ತ, ಡೊಳ್ಳನ ರಕ್ತ, ತಮ್ಮನ ರಕ್ತ, ಗೋಧಿಯ ಹೊಟ್ಟು. ಅವಳು ಅವನನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ, ಮಗುವಿಗೆ ತೊಳೆಯುವಂತೆ ಬೆರಳ ಸಂದಿಗಳನ್ನೂ ಬಿಡದೆ ಸೋಪು ಹಚ್ಚಿ ತೊಳೆದಳು. ಆಮೇಲೆ ರಬ್ಬರ್ ಚೀಲ ಅವನ ಕೈಗಿತ್ತಳು.

ಮೊದಲ ಸಲ ಅವನು ಹಿಂಡಿಯೇಬಿಟ್ಟ. ಅವಳು ಕೈಮೇಲೆ ಕೈಯಿಟ್ಟು ತಡೆದಳು.

"ಸಿಟ್ಟಿನಲ್ಲಿ ಒತ್ತಬೇಡಿ ಅಣ್ಣ, ಒಳಗೆ ಒಡೆದುಹೋಗತ್ತೆ. ನೀವು ಉಸಿರು ತಗೊಂಡಾಗ ಅವರಿಗೂ ಕೊಡಿ. ಅಷ್ಟೇ."

ಅವನು ಉಸಿರು ತೆಗೆದುಕೊಂಡು, ಕೊಟ್ಟ. ಮತ್ತೆ ತೆಗೆದುಕೊಂಡು, ಕೊಟ್ಟ. ಅಳು ಬಂದರೆ ತನ್ನ ಉಸಿರು ತಪ್ಪುತ್ತದೆ, ತಪ್ಪಿದರೆ ತಮ್ಮನದೂ ತಪ್ಪುತ್ತದೆ ಎಂದು ಅಳುವನ್ನು ಹಿಂದಕ್ಕಿಟ್ಟ. ಕಿಟಕಿಯ ಬೆಳಕು ಕೆಂಪಾಗಿ ಮಂಕಾಯಿತು. ತೋಳು ಮರಗಟ್ಟಿದಾಗ ಅವನು ಬಿಡಲೊಲ್ಲ. ತಮ್ಮನ ಹೆಂಡತಿ ಸರದಿ ಕೊಡಿ ಭಾವ ಎಂದು ಕೇಳಿ, ಒಪ್ಪದಿದ್ದಾಗ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತೆಗೆದುಕೊಂಡಳು. ಅವಳ ಬಳಿಕ ಡೊಳ್ಳ. ಅವನು ಒತ್ತುವಾಗ ನರ್ಸು ಅವನ ತುಟಿಗೆ ಹೊಲಿಗೆ ಹಾಕಿದಳು. ಅವನು ಅಲುಗಾಡಲಿಲ್ಲ, ಆ ಒಂದು ಹೊತ್ತು ಮಾತೂ ಆಡಲಿಲ್ಲ.

ಬೆಳಗ್ಗೆ ತಮ್ಮನ ರೆಪ್ಪೆ ಕೂದಲೆಳೆಯಷ್ಟು ಎದ್ದಿತು. ಹೆಂಡತಿಯ ಅಂಗೈಯೊಳಗೆ ಅವನ ಎಡಗೈ ಬೆರಳೊಂದು ಸರಿಯಿತು.

ಅವನು ಬದುಕಿದ. ಬಲಗೈ ಹೆಬ್ಬೆರಳಿನ ಬುಡದ ಮಾಂಸ ಕೊಳೆತು, ಕೊಯ್ದು ತೆಗೆಯಬೇಕಾಯಿತು. ಇನ್ನು ಆ ಕೈ ಕೊಕ್ಕೆ ಹಿಡಿಯದು. ಮೊದಲ ಮಾತು ಆಡುವಂತಾದಾಗ ಅವನು ಅಣ್ಣನ ಕಡೆ ನೋಡಿ, ತನ್ನ ಕೆನ್ನೆ ಮುಟ್ಟಿಕೊಂಡು, "ಹಾವಿಗಿಂತ ನೀನೇ ಜಾಸ್ತಿ ಹೊಡೆದೆ," ಎಂದ. ಆಮೇಲೆ ಅಳಿಯನನ್ನು ಮಣ್ಣು ಮಾಡಿದಿರಾ ಎಂದು ಕೇಳಿದ. ಅಣ್ಣ ಹೌದೆಂದು ತಲೆಯಾಡಿಸಿದ. ಆ ದಿನ ಎಲ್ಲರೂ ಲಾರಿ ಹತ್ತಿ ಹೋದಮೇಲೆ ಗುಂಡಿಯ ಬಳಿ ಉಳಿದಿದ್ದ ಚೀಲವನ್ನು ಗುಮಾಸ್ತರೇ ಒಳಗಿಳಿಸಿ, ಮಣ್ಣು ಮುಚ್ಚಿ, ಕನ್ನಡಕ ಒರೆಸಿಕೊಳ್ಳುತ್ತ ಕೂತಿದ್ದರಂತೆ.

ನಾಗರವನ್ನು ಹಾವು ಹಿಡಿಯುವವರು ಬಂದು ಹಿಡಿದರು. ಉದ್ದನೆಯ ಕೋಲಿನಿಂದ, ದೂರದಿಂದಲೇ. ಕಾಡಿಗೆ ಬಿಡಲು ಒಯ್ಯುವಾಗ ಅಣ್ಣ ಬರಿಗೈಯಲ್ಲಿ ನಿಂತು ನೋಡಿದ. ಈಗ ಅಲ್ಲಿ ಯಾರೂ ಸಂದಿಗೆ ಕೈ ಹಾಕುವುದಿಲ್ಲ, ಯಾವ ಹಾವಿಗೂ ಹೆಸರಿಡುವುದಿಲ್ಲ. ಇಲಿಗಳು ಮತ್ತೆ ಬಂದಿವೆ. ತಮ್ಮ ಬಾಗಿಲ ಬಳಿ ಹೆಂಡತಿಯ ಪಕ್ಕ ಕೂತು ಎಡಗೈಯಲ್ಲಿ ಚೀಲ ಹೊಲಿಯುವುದನ್ನು ಕಲಿಯುತ್ತಿದ್ದಾನೆ. ಹೊಲಿಗೆ ವಕ್ರವಾಗುತ್ತದೆ. ಅವನು ನೋಡದಿರುವಾಗ ಅವಳು ಬಿಚ್ಚಿ ಮತ್ತೆ ಹೊಲಿಯುತ್ತಾಳೆ.

ಸಂಜೆ ಶಟರ್ ಎಳೆಯುವುದು ಈಗಲೂ ಅಣ್ಣನೇ. ಗೇಣಷ್ಟು ಉಳಿದಿರುವಾಗ ನಿಲ್ಲಿಸುತ್ತಾನೆ. ನೋಯುವ ಮೊಣಕಾಲನ್ನು ಮಡಚಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಾಗಿ, ಈ ಕೊನೆಯಿಂದ ಆ ಕೊನೆಯವರೆಗೆ ನೋಡುತ್ತಾನೆ. ಆಮೇಲೆ ಸದ್ದಾಗದಂತೆ ಇಳಿಸುತ್ತಾನೆ.